ಎಡ್ಸೆಲ್ ಮತ್ತು ಚಕ್ಕುಲಿ ಒಲೆ

ಡೆಟ್ರಾಯಿಟ್ ಸೀಮೆಯಲ್ಲಿ ನೆಲೆಸಿದ ಕನ್ನಡಿಗ ಗಂಡಸಿಗೆ ಐವತ್ತು ದಾಟುವ ಹೊತ್ತಿಗೆ ಎರಡರಲ್ಲಿ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಒಂದು, ಕನ್ನಡ ಕೂಟದ ಅಧ್ಯಕ್ಷನಾಗುವ ಹುಚ್ಚು. ಇನ್ನೊಂದು, ಹಳೇ ಕಾರು. ಮೊದಲನೆಯದಕ್ಕೆ ಚುನಾವಣೆ ಎಂಬ ಮದ್ದಿದೆ. ನನಗೆ ಬಂದದ್ದು ಎರಡನೆಯದು.

ಬಂದದ್ದು ಮಸ್ಟಾಂಗ್, ಇಂಪಾಲಾ ಅಂತ ಮರ್ಯಾದಸ್ಥ ರೂಪದಲ್ಲಾದರೂ ಬಂದಿದ್ದರೆ ನಾಲ್ಕು ಜನರೆದುರು ಹೇಳಿಕೊಳ್ಳಬಹುದಿತ್ತು. ಬಂದದ್ದು ಎಡ್ಸೆಲ್. 1958ರ ಎಡ್ಸೆಲ್ ವಿಲೇಜರ್, ನಾಲ್ಕು ಬಾಗಿಲಿನ ಸ್ಟೇಷನ್ ವ್ಯಾಗನ್. ಸಹೋದ್ಯೋಗಿಯೊಬ್ಬರ ತಂದೆಯ ತೋಟದ ಕೊಟ್ಟಿಗೆಯಲ್ಲಿ, ಹುಲ್ಲಿನ ಪಿಂಡಿಗಳ ಹಿಂದೆ ನಿಂತಿತ್ತು. ಅಪರೂಪದ ಕಾರು, ಬಿಡಬಾರದು, ರಿಪೇರಿ ಮಾಡಿಸಿ ಆಗಸ್ಟಿನಲ್ಲಿ ವುಡ್‌ವರ್ಡ್ ಅವೆನ್ಯೂದಲ್ಲಿ ನಡೆಯುವ ಡ್ರೀಮ್ ಕ್ರೂಸ್ ಮೆರವಣಿಗೆಗೆ ಇಳಿಸಬೇಕು ಎಂದು ಊಟದ ಹೊತ್ತಿನಲ್ಲಿ ಮನೆಯವರ ಮುಂದೆ ಘೋಷಿಸಿದೆ.

ನನ್ನಾಕೆಗೆ ವಿಮಾ ಕಂಪನಿಯಲ್ಲಿ ಕೆಲಸ. ಜನ ಸಲ್ಲಿಸುವ ಕ್ಲೇಮುಗಳನ್ನು ಯಾವ ಕಾರಣಕ್ಕೆ ಒಪ್ಪಬಾರದು ಎಂದು ಹುಡುಕುವುದು ಅವಳ ವೃತ್ತಿ. ಮನೆಗೆ ಬಂದ ಮೇಲೂ ಅವಳು ಕೆಲಸದಲ್ಲೇ ಇರುತ್ತಾಳೆ.

"ಅಪರೂಪ ಅಂದ್ರಲ್ಲ, ಒಟ್ಟು ಎಷ್ಟು ಮಾಡಿದ್ರಂತೆ?"

"ಮೂರು ವರ್ಷದ ಮಾಡೆಲ್ ಸೇರಿ 1 ಲಕ್ಷ 18 ಸಾವಿರದ ಆಸುಪಾಸು."

"ಅದೆಂಥ ಅಪರೂಪ ರೀ?"

"ಈಗ ಉಳಿದಿರೋದು ಸ್ವಲ್ಪವೇ."

"ಯಾಕೆ ಉಳೀಲಿಲ್ಲ?"

"ಆಗ ಯಾರಿಗೂ ಬೇಕಾಗಿರಲಿಲ್ಲ."

"ಈಗ ಯಾರಿಗೆ ಬೇಕು?"

ನಾನು ಹಪ್ಪಳ ಹಾಕಿಸಿಕೊಂಡೆ.

ಅವಳು ಹೇಳಿದ್ದರಲ್ಲಿ ಸುಳ್ಳಿಲ್ಲ ಎನ್ನುವುದೇ ನನ್ನ ಸಂಕಟ. ಎಡ್ಸೆಲ್ ಅಮೆರಿಕದ ವಾಣಿಜ್ಯ ಚರಿತ್ರೆಯ ಅತಿ ಪ್ರಸಿದ್ಧ ಸೋಲು. ವರ್ಷಗಟ್ಟಲೆ ಸಂಶೋಧನೆ ನಡೆಸಿ, ಗುಟ್ಟು ಕಾಪಾಡಿ, ಡಂಗುರ ಬಾರಿಸಿ ಫೋರ್ಡ್ ಕಂಪನಿ ಇದನ್ನು 1957ರ ಸೆಪ್ಟೆಂಬರ್ 4ರಂದು ಬಿಡುಗಡೆ ಮಾಡಿತು. 1959ರ ನವೆಂಬರ್ 19ಕ್ಕೆ ಬಾಗಿಲು ಹಾಕಿತು. ಸುಮಾರು 25 ಕೋಟಿ ಡಾಲರ್ ನೀರಿಗೆ ಹೋಯಿತು ಎನ್ನುತ್ತಾರೆ, ಅದೂ ಆ ಕಾಲದ ಡಾಲರು. ಹೆಸರಿಡುವಾಗ ಕವಯಿತ್ರಿ ಮೇರಿಯನ್ ಮೂರ್ ಅವರನ್ನೂ ಕೇಳಿದ್ದರು. ಆಕೆ ಪಾಪ ಶ್ರದ್ಧೆಯಿಂದ 'ಯುಟೋಪಿಯನ್ ಟರ್ಟಲ್‌ಟಾಪ್' ಮುಂತಾದ ಹೆಸರುಗಳನ್ನು ಬರೆದು ಕಳಿಸಿದರು. ಕಂಪನಿ ಅದೆಲ್ಲವನ್ನೂ ಬಿಟ್ಟು, ತೀರಿಕೊಂಡಿದ್ದ ಹೆನ್ರಿ ಫೋರ್ಡರ ಮಗನ ಹೆಸರಿಟ್ಟಿತು. ಕಾರು ಮಾರುಕಟ್ಟೆಗೆ ಬರುವುದಕ್ಕೂ ಆರ್ಥಿಕ ಹಿಂಜರಿತ ಬರುವುದಕ್ಕೂ ಸರಿಹೋಯಿತು. ಮೂತಿಯ ನಡುವೆ ಉದ್ದಕ್ಕೆ ಬಾಯಿ ತೆರೆದ ಗ್ರಿಲ್ಲು ಬೇರೆ. ಓಲ್ಡ್ಸ್‌ಮೊಬೈಲ್ ಕಾರು ನಿಂಬೆಹಣ್ಣು ಚೀಪುತ್ತಿರುವ ಹಾಗಿದೆ ಎಂದು ಜನ ನಕ್ಕರು.

ಹಾಸನದಿಂದ ಬಂದಿರುವ ನಮ್ಮಮ್ಮ ಫೋಟೋ ನೋಡಿ ಕೇಳಿದ್ದು ಒಂದೇ ಮಾತು: "ಇದಕ್ಕೇನಾಗಿದೆಯೋ ಪಾಪ, ಹೀಗೆ ಬಾಯಿ ಬಿಟ್ಕೊಂಡಿದೆ?"

ನನ್ನ ಪರ ಮಾತಾಡಿದವಳು ಮಗಳೊಬ್ಬಳೇ. "ಅಪ್ಪಂಗೆ ಸೆಟ್ ಆಗತ್ತೆ" ಎಂದಳು. ಹೊಗಳಿಕೆ ಅಂದುಕೊಂಡೆ.

ಹಳೇ ಕಾರು ಕೊಳ್ಳುವವನು ಬಾನೆಟ್ ಎತ್ತಿ ನೋಡುತ್ತಾನೆ. ತಿಳಿದವನು ನೆಲಕ್ಕೆ ಅಂಗಾತ ಮಲಗುತ್ತಾನೆ. ಈ ಊರಿನ ಗಾಡಿಗಳ ಆಯಸ್ಸು ಕೆಳಗೆ ಬರೆದಿರುತ್ತದೆ. ಡೆಟ್ರಾಯಿಟ್ ನಗರದಡಿ ಸಾವಿರ ಅಡಿಗೂ ಆಳದಲ್ಲಿ ಉಪ್ಪಿನ ಗಣಿಯಿದೆ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ, ಅದು ನೀರಾಗಿ ಚಾಸಿಗೆ ಎರಚುತ್ತದೆ. ಕಾರು ಹುಟ್ಟಿಸುವ ಊರೇ ಕಾರು ತಿನ್ನುವ ಉಪ್ಪಿನ ಮೇಲೆ ಕೂತಿದೆ. ಗಾಡಿ ನೋಡಲು ಹೋದ ದಿನ ಇದನ್ನೆಲ್ಲ ನಾನು ಸಂಸಾರಕ್ಕೆ ವಿವರಿಸುತ್ತಿದ್ದಾಗ ನನ್ನಾಕೆ ಆಗಲೇ ಕೊಟ್ಟಿಗೆಯ ನೆಲದ ಮೇಲೆ ಹಳೇ ಬೆಡ್‌ಶೀಟು ಹಾಸಿ ಕೈಗೆ ಸ್ಕ್ರೂಡ್ರೈವರ್ ಕೊಟ್ಟಳು. "ಮಲಕ್ಕೊಳ್ಳಿ" ಎಂದಳು.

ಮುಖ್ಯ ಚಾಸಿ ಗಟ್ಟಿಯಿತ್ತು. ಸ್ಕ್ರೂಡ್ರೈವರಿನಿಂದ ತಟ್ಟಿದರೆ ಠಣ್ ಎಂದಿತು, ನನ್ನ ಎದೆಯೂ ಉಬ್ಬಿತು. ಡ್ರೈವರ್ ಸೀಟಿನ ಕೆಳಗಿನ ತಗಡಿಗೆ ತಟ್ಟಿದಾಗ ಸದ್ದು ಬರಲಿಲ್ಲ. ಸ್ಕ್ರೂಡ್ರೈವರು ಹಪ್ಪಳದಲ್ಲಿ ಬೆರಳು ಹೋದ ಹಾಗೆ ಒಳಗೆ ಹೋಯಿತು, ತುಕ್ಕಿನ ಚೂರು ಕನ್ನಡಕದ ಮೇಲೆ ಉದುರಿತು. ಮೇಲಿನಿಂದ ಮಗಳು "ಅಪ್ಪಾ, ನಿನ್ನ ಸ್ಕ್ರೂಡ್ರೈವರ್ ಇಲ್ಲಿ ಕಾಣ್ತಿದೆ" ಎಂದು ಪ್ರೋತ್ಸಾಹಿಸಿದಳು.

ಅಷ್ಟರಲ್ಲಿ ನನ್ನಾಕೆ ಹ್ಯಾಂಡ್‌ಬ್ಯಾಗಿನಿಂದ ನಮ್ಮ ಫ್ರಿಜ್ಜಿನ ಮೇಲಿರುವ ಮೈಸೂರು ಅರಮನೆ ಮ್ಯಾಗ್ನೆಟ್ ತೆಗೆದಿದ್ದಳು. ತಗಡಿದ್ದ ಕಡೆ ಆಯಸ್ಕಾಂತ ಅಂಟುತ್ತದೆ, ಪುಟ್ಟಿ ಮೆತ್ತಿದ್ದ ಕಡೆ ಜಾರುತ್ತದೆ. ಬಾಗಿಲುಗಳ ಮೇಲೆ ಅರಮನೆ ಗಟ್ಟಿಯಾಗಿ ನಿಂತಿತು. ಹಿಂದಿನ ಚಕ್ರದ ಕಮಾನಿನ ಮೇಲೆ ಇಟ್ಟಳು, ಒಡೆಯರ ಅರಮನೆ ನಿಧಾನವಾಗಿ ಜಾರಿ ಸೆಗಣಿಗೆ ಬಿತ್ತು. ಅವಳು ಫೋನಿನಲ್ಲಿ ಏನೋ ಗುರುತು ಹಾಕಿಕೊಂಡಳು.

ಎಂಜಿನ್ನಿನ ವಿಷಯದಲ್ಲಿ ಮಾತ್ರ ನನಗೆ ತಲೆಯೆತ್ತುವ ಅವಕಾಶ ಸಿಕ್ಕಿತು. ವಿಲೇಜರ್ ನಿಂತಿರುವುದು ಆ ಕಾಲದ ಫೋರ್ಡ್ ವ್ಯಾಗನ್ನಿನ ಚಾಸಿಯ ಮೇಲೆ. ಅದರ 361 ಕ್ಯೂಬಿಕ್ ಇಂಚಿನ ವಿ-8 ಎಂಜಿನ್ನಿನ ಸೋದರರನ್ನು ಫೋರ್ಡ್ ಕಂಪನಿ ಎಷ್ಟೋ ವರ್ಷ ಬೇರೆ ಗಾಡಿಗಳಿಗೆ ಹಾಕುತ್ತಿತ್ತು. ಹಾಗಾಗಿ ಗ್ಯಾಸ್ಕೆಟ್ಟು, ಪಂಪು, ಬ್ರೇಕಿನ ಸಾಮಾನು ಇವತ್ತಿಗೂ ಸಿಗುತ್ತವೆ. ಸಿಗದಿರುವುದು ಎಡ್ಸೆಲ್‌ಗಷ್ಟೇ ಮೀಸಲಾದ ವೈಭವಗಳು. ಉದಾಹರಣೆಗೆ ಟೆಲಿಟಚ್. ಗೇರು ಬದಲಿಸುವ ಗುಂಡಿಗಳನ್ನು ಸ್ಟೇರಿಂಗಿನ ನಟ್ಟನಡುವೆ, ಲೋಕವೆಲ್ಲ ಹಾರ್ನ್ ಒತ್ತುವ ಜಾಗದಲ್ಲಿ ಇಟ್ಟಿದ್ದಾರೆ. ಒತ್ತಿದರೆ ವಿದ್ಯುತ್ ಮೋಟಾರೊಂದು ಗೇರು ಬದಲಿಸಬೇಕು. ಇಳಿಜಾರಿನಲ್ಲಿ ನಿಲ್ಲಿಸಿದ ಗಾಡಿಯನ್ನು ಪಾರ್ಕ್‌ನಿಂದ ಬಿಡಿಸಲು ಆ ಮೋಟಾರಿಗೆ ಶಕ್ತಿ ಸಾಲುತ್ತಿರಲಿಲ್ಲ ಎಂಬ ದೂರು ಹೊಸದರಲ್ಲೇ ಇತ್ತು. ಹೊಸ ಗಾಡಿಯಲ್ಲೇ ಹಾಗಿದ್ದದ್ದು ಅರವತ್ತು ದಾಟಿದ ಮೇಲೆ ಸುಧಾರಿಸೀತು ಎಂದು ನಂಬಲು ನನ್ನಂಥವನೇ ಬೇಕು.

ಇನ್ನು ಹಿಂದಿನ ದೀಪ. 1958ರ ಎಡ್ಸೆಲ್ ವ್ಯಾಗನ್‌ಗಳಿಗೆ ಬೂಮರಾಂಗ್ ಆಕಾರದ ದೀಪ ಕೂರಿಸಿದರು. ನೋಡಲು ಬಾಣದ ಹಾಗೆ, ಆದರೆ ಎಡಗಡೆಯ ಬಾಣ ಬಲಕ್ಕೂ ಬಲಗಡೆಯದು ಎಡಕ್ಕೂ ಮುಖ ಮಾಡಿದೆ. ಎಡಕ್ಕೆ ತಿರುಗಲು ಇಂಡಿಕೇಟರ್ ಹಾಕಿದರೆ ಹಿಂದಿನವನಿಗೆ ಬಲಕ್ಕೆ ತೋರಿಸುವ ಬಾಣ ಮಿನುಗುತ್ತದೆ. ಫೋರ್ಡ್‌ನಂಥ ಕಂಪನಿಯ ಅಷ್ಟು ಜನರ ಕಣ್ಣೆದುರು ಇದು ಹೇಗೆ ಪಾಸಾಯಿತು ಎಂಬುದನ್ನು ಯೋಚಿಸಿದಾಗಲೆಲ್ಲ ನಮ್ಮ ಆಫೀಸಿನ ಮೀಟಿಂಗುಗಳು ನೆನಪಾಗಿ ಸಮಾಧಾನವಾಗುತ್ತದೆ. ಈ ದೀಪದ ಕೆಂಪು ಲೆನ್ಸು ಒಡೆದರೆ ಹುಡುಕುವುದು ಬಲು ಕಷ್ಟ ಎಂಬುದನ್ನು ನಾನು ಬಾಯಿಜಾರಿ ಹೇಳಿಬಿಟ್ಟೆ. ನನ್ನಾಕೆ ಅದನ್ನೂ ಗುರುತು ಹಾಕಿಕೊಂಡಳು.

ಆ ರಾತ್ರಿ ಎಕ್ಸೆಲ್ ತೆರೆಯಿತು. ಕ್ರೋಮ್ ಲೇಪನದವನು ಹಳೆಯದನ್ನು ಕೀಳಬೇಕು, ತಾಮ್ರ ಹಾಕಬೇಕು, ನಿಕ್ಕಲ್ ಹಾಕಬೇಕು, ಆಮೇಲೆ ಕ್ರೋಮ್ ಎಂದು ವಿವರಿಸಿ, ಬಂಪರು ಮತ್ತು ಗ್ರಿಲ್ಲಿಗೆ ಹೇಳಿದ ಮೊತ್ತ ಇಡೀ ಗಾಡಿಯ ಬೆಲೆಯನ್ನು ದಾಟಿತ್ತು. ಎಡ್ಸೆಲ್‌ಗಳಲ್ಲೂ ಮೇಲುಕೀಳಿದೆ. ಚಾವಣಿ ಮಡಚುವ ಕನ್ವರ್ಟಿಬಲ್‌ಗೆ ಒಳ್ಳೆಯ ಬೆಲೆ, ನಾಲ್ಕು ಬಾಗಿಲಿನವಕ್ಕೆ ಅದರ ಹತ್ತಿರವೂ ಇಲ್ಲ. ಆದರೆ ಬಣ್ಣ ಹೊಡೆಯುವವನು ಗಾಡಿಯ ಕುಲಗೋತ್ರ ಕೇಳುವುದಿಲ್ಲ, ತಗಡಿನ ಅಳತೆ ಕೇಳುತ್ತಾನೆ. ವ್ಯಾಗನ್‌ಗೆ ತಗಡು ಜಾಸ್ತಿ. ಹೀಗೆ ಎಲ್ಲಕ್ಕಿಂತ ಹೆಚ್ಚು ಖರ್ಚು ಮಾಡಿ ಎಲ್ಲಕ್ಕಿಂತ ಕಡಿಮೆ ಬೆಲೆಗೆ ಮಾರುವ ಮಾರ್ಗವನ್ನು ನಾನು ಕಂಡುಹಿಡಿದಿದ್ದೆ. "ಇದಕ್ಕೂ ಸಂಶೋಧನೆ ಮಾಡಿದ್ರಾ?" ಎಂದಳು.

"ದುಡ್ಡಿಗೋಸ್ಕರ ಅಲ್ಲ ಕಣೇ" ಎಂದೆ, ತುಸು ಗಂಭೀರವಾಗಿ.

"ಅದು ಗೊತ್ತಾಯ್ತು. ಇಡೋದೆಲ್ಲಿ?"

ಗಾಡಿ ಸುಮಾರು 17 ಅಡಿ ಉದ್ದ. ಗ್ಯಾರೇಜಿನಲ್ಲಿ ಹಿಡಿಸುತ್ತದೆ, ಟೇಪು ಹಿಡಿದು ಅಳೆದಿದ್ದೇನೆ. ಆದರೆ ನಮ್ಮ ಗ್ಯಾರೇಜು ಗ್ಯಾರೇಜಲ್ಲ. ಮನೆಯೊಳಗೆ ಕರಿದರೆ ಹೊಗೆಯ ಅಲಾರಂ ಬಡಿದುಕೊಳ್ಳುತ್ತದೆ, ಚಳಿಗಾಲದ ಕೋಟುಗಳಿಗೆಲ್ಲ ಎಣ್ಣೆ ವಾಸನೆ ಹತ್ತುತ್ತದೆ. ಹಾಗಾಗಿ ಅಲ್ಲಿ ಅಮ್ಮನ ಚಕ್ಕುಲಿ ಒಲೆ ಪ್ರತಿಷ್ಠಾಪನೆಯಾಗಿದೆ. ತೂತಾದ ಪೆಟ್ರೋಲ್ ಟ್ಯಾಂಕೂ ಉರಿಯುವ ಒಲೆಯೂ ಒಂದೇ ಸೂರಿನಡಿ ಇರುವ ಕ್ಲೇಮನ್ನು ತಾನು ಯಾವ ಕಾರಣಕ್ಕೂ ಪಾಸು ಮಾಡುವುದಿಲ್ಲ ಎಂದು ನನ್ನಾಕೆ ಅಧಿಕೃತವಾಗಿ ತಿಳಿಸಿದಳು.

ತೀರ್ಪು ಕೊಟ್ಟದ್ದು ಅಮ್ಮ. "ಟ್ಯಾಂಕ್ ಮೊದಲು ಸರಿ ಮಾಡಿಸ್ಲಿ ಬಿಡೇ. ಒಲೆ ನಾನು ಹಿತ್ತಲಿಗೆ ಹಾಕ್ಕೋತೀನಿ. ಹೆಂಗೂ ಬೇಸಿಗೆ ಬರ್ತಿದೆ. ಇವನಿಗೇನು ಕುಡಿತವೇ, ಇಸ್ಪೀಟೇ? ಕಡಿಮೆಗೆ ಮುಗೀತು ಅನ್ಕೋ."

ಹೀಗೆ ಮಹಾಜೀರ್ಣೋದ್ಧಾರದ ಯೋಜನೆ ಕುಗ್ಗಿ ಕುಗ್ಗಿ ನಾಲ್ಕು ಸಾಲಿಗೆ ಇಳಿಯಿತು: ಟ್ಯಾಂಕು, ಬ್ರೇಕು, ಟೈರು, ಸೀಟಿನ ಕೆಳಗಿನ ತಗಡು. ಓಡಬೇಕು, ಹೊಳೆಯುವಂತಿಲ್ಲ. ಬಣ್ಣದ ಮಾತೆತ್ತಿದರೆ ಒಲೆ ವಾಪಸ್ ಗ್ಯಾರೇಜಿಗೆ.

ಚೌಕಾಸಿಗೆ ಅವಳೇ ಬಂದಳು. ತೋಟದ ಯಜಮಾನರು ಹೇಳಿದ ಬೆಲೆಗೆ ಅವಳು ಮಾತಾಡದೆ ಚಕ್ರದ ಕಮಾನಿಗೆ ಅರಮನೆ ಇಟ್ಟಳು. ಬಿತ್ತು. ಬೆಲೆಯೂ ಸ್ವಲ್ಪ ಬಿತ್ತು. ಇನ್ನೊಮ್ಮೆ ಇಟ್ಟಳು. ಕೊನೆಗೆ ಅವರು ಕೈಮುಗಿಯದೆ ಉಳಿದದ್ದು ಅದು ಅವರ ದೇಶದ ಪದ್ಧತಿಯಲ್ಲವಾದ್ದರಿಂದ. ಹೊರಡುವಾಗ ಅವಳು ಕೊಟ್ಟಿಗೆಯ ಅಟ್ಟದತ್ತ ಬೆರಳು ತೋರಿಸಿ, ಆ ಪೆಟ್ಟಿಗೆಯಲ್ಲಿರುವುದನ್ನೂ ಸೇರಿಸಿ ಎಂದಳು. ಒಳಗೆ, ಹಳೇ ಪೇಪರಿನಲ್ಲಿ ಸುತ್ತಿಟ್ಟ, ಚೂರೂ ಬಿರುಕಿಲ್ಲದ ಎರಡು ಬೂಮರಾಂಗ್ ಲೆನ್ಸು.

ಗಾಡಿ ಇನ್ನೂ ಅಲ್ಲೇ ಇದೆ. ರಸ್ತೆಯ ಉಪ್ಪು ಮಳೆಗೆ ತೊಳೆದುಹೋದ ಮೇಲೆ ಟ್ರಕ್ಕಿನಲ್ಲಿ ತರುವುದು. ಲೆನ್ಸುಗಳು ಮಾತ್ರ ಆಗಲೇ ಮನೆಗೆ ಬಂದು ಬೀರುವಿನೊಳಗೆ, ಅವಳ ಬೆಳ್ಳಿ ಕುಂಕುಮದ ಭರಣಿಯ ಪಕ್ಕ ಕೂತಿವೆ. ದಿನಕ್ಕೊಮ್ಮೆ ತೆಗೆದು ನೋಡುವ ಆಸೆ ನನಗೆ. ಬೀಗದಕೈ ಕೇಳಿದರೆ, ಹಿಂದಿನ ದೀಪ ಒಡೆದದ್ದಕ್ಕೆ ಫೋಟೋ ಸಮೇತ ಅರ್ಜಿ ಕೊಡಿ, ಪರಿಶೀಲಿಸುತ್ತೇನೆ ಅನ್ನುತ್ತಾಳೆ.