ಎಲೆರಾಯರು

ನಮ್ಮ ನ್ಯೂಜೆರ್ಸಿ ಕನ್ನಡಿಗರಲ್ಲಿ ರಾಯರು ಎಂದರೆ ‘ಯಾವ ರಾಯರು?’ ಎನ್ನುತ್ತಾರೆ. ಎಲೆರಾಯರು ಎಂದರೆ ಯಾರೂ ಕೇಳುವುದಿಲ್ಲ. ರಿಟೈರಾದ ಮೇಲೆ ಕೆಲವರು ಗೀತೆ ಹಿಡಿದರು, ಕೆಲವರು ಗಾಲ್ಫ್ ಹಿಡಿದರು. ಇವರು ಹಿತ್ತಲ ಓಕ್ ಮರದ ನೆರಳಲ್ಲಿ ಹೋಸ್ಟಾ ಎಂಬ ಎಲೆಗಿಡ ಹಿಡಿದು ಕೂತರು.

ಮನೆಗೆ ಹೋದವರಿಗೆ ಹಿತ್ತಲು ಮೊದಲು, ಕಾಫಿ ಆಮೇಲೆ. “ಇವರು ಫ್ರಾನ್ಸಸ್ ವಿಲಿಯಮ್ಸ್” ಎಂದು ಬಹುವಚನದಲ್ಲೇ ಪರಿಚಯ. ಅಡಿಯುದ್ದದ ನೀಲಿಹಸಿರು ಎಲೆ, ಸುತ್ತ ಹಳದಿ ಅಂಚು. 1936ರಲ್ಲಿ ಕನೆಕ್ಟಿಕಟ್‌ನ ನರ್ಸರಿಯೊಂದರಲ್ಲಿ ನೀಲಿ ಗಿಡಗಳ ಸಾಲಿನಲ್ಲಿ ಒಂದಕ್ಕೆ ಮಾತ್ರ ಹಳದಿ ಅಂಚಿದ್ದುದನ್ನು ಆ ಹೆಸರಿನ ಹೆಂಗಸು ಗುರುತಿಸಿದರಂತೆ. ರಾಯರು ಹೇಳುವುದನ್ನು ಕೇಳಿದರೆ ಅವರೂ ಪಕ್ಕದಲ್ಲೇ ನಿಂತಿದ್ದರೆನ್ನಬೇಕು. ಆಗ ಅವರಪ್ಪನಿಗೇ ಮುಂಜಿಯಾಗಿರಲಿಲ್ಲ.

ಕೈ ಚಾಚಿದಿರೋ, “ಹಾಂ ಹಾಂ, ಮುಟ್ಟಬೇಡಿ!” ಆ ನೀಲಿಯೆಲ್ಲ ಎಲೆಯ ಮೇಲಿನ ಮೇಣದ ಪೊರೆ, ಬೆರಳು ತಾಗಿ ಉಜ್ಜಿದರೆ ಅಲ್ಲಿ ಬರೀ ಹಸಿರು. ಅಜ್ಜಿಯ ಮಡಿಯನ್ನು ಆಡಿಕೊಂಡು ನಕ್ಕವರು ಈಗ ಗಿಡಕ್ಕೆ ಮಡಿ ಉಡಿಸಿದ್ದಾರೆ.

ಗಿಡಕ್ಕೆ ಮಾತ್ರ. ಎಲೆ ತೂತು ಮಾಡುವ ಚಿಪ್ಪಿಲ್ಲದ ಬಸವನಹುಳಕ್ಕೆ ಬಿಯರ್ ಎಂದರೆ ಪ್ರಾಣ. ರಾತ್ರಿ ತಟ್ಟೆಯಲ್ಲಿಟ್ಟರೆ ಬಂದು ಬಿದ್ದು ಸಾಯುತ್ತದೆ. ಜನ್ಮದಲ್ಲಿ ಬಿಯರ್ ಮುಟ್ಟದ ರಾಯರು ಡಬ್ಬ ಹೊತ್ತು ಬರುವಾಗ ಪರಿಚಿತರು ಎದುರಾದರೆ “ಹುಳಕ್ಕೆ” ಎನ್ನುತ್ತಾರೆ. ಯಾರೂ ನಂಬುವುದಿಲ್ಲ. ಇನ್ನು ಜಿಂಕೆ. ಒಂದು ರಾತ್ರಿ ನುಗ್ಗಿದರೆ ಬೆಳಗ್ಗೆ ಬರೀ ದಂಟು. ಅದನ್ನು ಓಡಿಸುವ ಔಷಧಿಗೆ ಕೊಳೆತ ಮೊಟ್ಟೆಯೇ ಮೂಲ. ಮೊಟ್ಟೆ ಹೊಸಿಲು ದಾಟದ ಮನೆಯ ಗ್ಯಾರೇಜಿಗೆ ಈಗ ಮೂಗು ಮುಚ್ಚಿಕೊಂಡೇ ಹೋಗಬೇಕು.

ಬೇಸಿಗೆಗೆ ಉಡುಪಿಯಿಂದ ಬಂದ ಅತ್ತೆ ಎಲೆಗಳನ್ನು ಅಳೆದು ನೋಡಿ, “ಪತ್ರೊಡೆಗೆ ಆಗ್ತದಾ?” ಎಂದರು. ಜಪಾನಿನಲ್ಲಿ ಇದರ ಎಳೆ ಚಿಗುರನ್ನು ಪಲ್ಯದಂತೆ ತಿನ್ನುತ್ತಾರೆ. ರಾಯರಿಗೆ ಅದು ಚೆನ್ನಾಗಿ ಗೊತ್ತು, ಬಾಯಿ ಬಿಡಲಿಲ್ಲ. ಹೂದಂಟು ಮೇಲೆದ್ದರೆ ಎಲೆಯ ಅಂದ ಕೆಡುತ್ತದೆಂದು ಇವರು ಕತ್ತರಿಸಿ ಎಸೆಯುತ್ತಾರೆ. ಅತ್ತೆ ಆರಿಸಿ ದೇವರಿಗೇರಿಸುತ್ತಾರೆ. “ಹೂ ಬಿಸಾಡಿ ಎಲೆ ಸಾಕುವವರನ್ನು ನಾನೆಲ್ಲೂ ಕಂಡದ್ದಿಲ್ಲ ಮಾರಾಯ್ರೆ.”

ಬಸವನಗುಡಿಯ ತಮ್ಮ ಒಂದು ಗೆಡ್ಡೆ ಕೇಳಿದ್ದಾನೆ. ಚಳಿಗಾಲದ ಕೊರೆತದಲ್ಲಿ ಮಲಗೆದ್ದರೆ ತಾನೇ ಹೋಸ್ಟಾ ಚಿಗುರುವುದು! ಬೆಂಗಳೂರಿನ ಡಿಸೆಂಬರ್ ಅದಕ್ಕೆ ಸಾಲದು. ತಮ್ಮ ಇದನ್ನು ಜಿಪುಣತನ ಎಂದೇ ತಿಳಿದಿದ್ದಾನೆ.

ನೀವು ರಾಯರ ಮನೆಗೆ ಹೋಗುವುದಿದ್ದರೆ ಜನವರಿಯಲ್ಲಿ ಹೋಗಿ. ಹಿತ್ತಲಲ್ಲಿ ಹೆಸರಿನ ಚೀಟಿಗಳಷ್ಟೇ ಇರುತ್ತವೆ. ಕಾಫಿ ಬಿಸಿಯಾಗಿ ಸಿಗುತ್ತದೆ.