ಮೀಟಿಂಗ್‌ನಲ್ಲಿರುವ ಸಾಹೇಬರಿಗೆ

ಮಾನ್ಯ ಸಾಹೇಬರೇ,

ನಿಮ್ಮ ಮೀಟಿಂಗ್ ಮುಗಿಯಿತೇ? ಮುಗಿದಿರಲಾರದು. ನಿನ್ನೆ ಬೆಳಗ್ಗೆ ಕಚೇರಿಯ ಬೀಗ ತೆಗೆಯುವ ಮೊದಲೇ ಬಂದವಳು ಸಂಜೆ ಬೀಗ ಬೀಳುವವರೆಗೂ ನಿಮ್ಮ ಬೆಂಚಿನ ಮೇಲೆ ಕೂತಿದ್ದೆ. ಕೇಳಿದಾಗಲೆಲ್ಲ ಅಟೆಂಡರ್ ಹೇಳಿದ್ದು ಒಂದೇ ಮಾತು: "ಸಾಹೇಬ್ರು ಮೀಟಿಂಗಲ್ಲವ್ರೆ ಮೇಡಂ, ಕೂತ್ಕಳಿ." ನಿಮ್ಮದು ಯಾವ ಇಲಾಖೆ ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಉಳಿದ ಇಲಾಖೆಗಳವರು ತಮ್ಮನ್ನು ಕಡೆಗಣಿಸಿದಳೆಂದು ನೊಂದುಕೊಂಡಾರು.

ನಾನು ಹವಾಮಾನ ರಾಜಕಾರಣದ ಮೇಲೆ ಪಿಎಚ್‌.ಡಿ. ಮಾಡುತ್ತಿರುವವಳು. ಅಂದರೆ, ಭೂಮಿ ಬಿಸಿಯಾಗುತ್ತಿದೆ ಎಂಬುದನ್ನು ಏಸಿ ಸಭಾಂಗಣದಲ್ಲಿ ಶಾಲು ಹೊದ್ದು ಕೇಳಿಸಿಕೊಳ್ಳುವವಳು. ಹಾಗಾಗಿ ಮೀಟಿಂಗಿನ ಮಹಿಮೆ ನನಗೂ ಗೊತ್ತು. ಲೋಕದ ಸರ್ಕಾರಗಳು 1995ರಲ್ಲಿ ಬರ್ಲಿನ್‌ನಲ್ಲಿ ಹವಾಮಾನದ ಮೊದಲ ಮೀಟಿಂಗಿಗೆ ಕೂತವು. ಪಳೆಯುಳಿಕೆ ಇಂಧನಗಳಿಂದ ದೂರ ಸರಿಯೋಣ ಎಂಬ ಮಾತು ಈ ಮೀಟಿಂಗುಗಳ ಒಪ್ಪಂದದೊಳಗೆ ಮೊದಲ ಸಲ ಬಂದದ್ದು 28ನೆಯ ಮೀಟಿಂಗಿನಲ್ಲಿ, 2023ರಲ್ಲಿ, ದುಬೈನಲ್ಲಿ. ಅಧ್ಯಕ್ಷತೆ ವಹಿಸಿದ್ದವರು ಅಬುಧಾಬಿಯ ಸರ್ಕಾರಿ ತೈಲ ಕಂಪನಿಯ ಮುಖ್ಯಸ್ಥರು. ನಮ್ಮ ದೇಶವೂ 2021ರಲ್ಲಿ ಗ್ಲಾಸ್ಗೋ ಮೀಟಿಂಗಿಗೆ ಹೋಗಿ ನೆಟ್ ಝೀರೋಗೆ 2070ರ ಗಡುವು ಹೇಳಿ ಬಂದಿದೆ. ಅಂಥದ್ದರಲ್ಲಿ ನಿಮ್ಮ ಮೀಟಿಂಗ್ ಒಂದೇ ದಿನಕ್ಕೆ ಮುಗಿಯಲಿ ಎಂದದ್ದು ನನ್ನ ದುರಾಸೆ.

ನಾನು ಕೇಳಲು ಬಂದಿದ್ದು ಸಣ್ಣ ವಿಷಯ. ಪಾವಗಡದ ಸೋಲಾರ್ ಪಾರ್ಕು ನಿಮಗೆ ಗೊತ್ತಲ್ಲ? ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಊರುಗಳ ಸುಮಾರು 13,000 ಎಕರೆ. 2,050 ಮೆಗಾವಾಟ್. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾದಾಗ ಇಟ್ಟ ಹೆಸರು 'ಶಕ್ತಿಸ್ಥಳ'. ಜಮೀನನ್ನು ಸರ್ಕಾರ ಕಿತ್ತುಕೊಳ್ಳಲಿಲ್ಲ, ಕೊಳ್ಳಲೂ ಇಲ್ಲ, ಗುತ್ತಿಗೆಗೆ ಪಡೆಯಿತು. ಶುರುವಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಮಳೆ ನಂಬಿ ಶೇಂಗಾ ಬಿತ್ತಿ ಬೀಜದ ದುಡ್ಡೂ ಹುಟ್ಟದೆ ಸೋತಿದ್ದ ರೈತನಿಗೆ ಇದು ಎಷ್ಟೋ ವಾಸಿ. ಹತ್ತು ಎಕರೆ ಇದ್ದವರು ನೆಮ್ಮದಿಯಾಗಿದ್ದಾರೆ, ಇರಲಿ. ಅವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ.

ನನಗೆ ಬೇಕಿದ್ದದ್ದು ಆ ಹತ್ತು ಎಕರೆಯಲ್ಲಿ ಕಳೆ ತೆಗೆದು, ಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದವರ ಪಟ್ಟಿ. ಸ್ವಂತಕ್ಕೆ ಒಂದು ಗುಂಟೆಯೂ ಇಲ್ಲದವರು. ಪಾರ್ಕಿನಿಂದ ಇಂಥ ಎಷ್ಟು ಮನೆಗಳ ಕೂಲಿ ನಿಂತಿತು? ಗುಮಾಸ್ತರು ಪಾಪ, ಕಡತವನ್ನೆಲ್ಲ ತಿರುವಿ ಹಾಕಿ ತಲೆಯೆತ್ತಿದರು: "ಅಂಥ ಕಾಲಂ ಇಲ್ಲ ಮೇಡಂ. ಸಾಹೇಬ್ರನ್ನೇ ಕೇಳಿ." ಸಾಹೇಬರು ಮೀಟಿಂಗಿನಲ್ಲಿದ್ದರು.

ಕಾಲಂ ಏಕಿಲ್ಲ ಎಂಬುದನ್ನು ಬೆಂಚಿನ ಮೇಲೆ ಕೂತು ಬಿಡಿಸಿಕೊಂಡೆ, ಪುರುಸೊತ್ತಿತ್ತು. 2013ರ ಭೂಸ್ವಾಧೀನ ಕಾಯ್ದೆ ಜಮೀನಿನ ಒಡೆಯನನ್ನಷ್ಟೇ ಬಾಧಿತ ಎನ್ನುವುದಿಲ್ಲ. ಸ್ವಾಧೀನಕ್ಕೆ ಮೂರು ವರ್ಷ ಮೊದಲಿನಿಂದ ಆ ಭೂಮಿಯಲ್ಲಿ ದುಡಿದು ಬದುಕುತ್ತಿದ್ದ ಕೂಲಿಕಾರರನ್ನೂ, ಗೇಣಿದಾರರನ್ನೂ ಬಾಧಿತ ಕುಟುಂಬ ಎಂದೇ ಲೆಕ್ಕಕ್ಕೆ ಹಿಡಿಯುತ್ತದೆ. ಆದರೆ ಅದಕ್ಕೆ ಸ್ವಾಧೀನ ನಡೆದಿರಬೇಕು. ಇಲ್ಲಿ ನಡೆದದ್ದು ಗುತ್ತಿಗೆ. ಗುತ್ತಿಗೆ ಪಹಣಿ ನೋಡುತ್ತದೆ, ಕೈಯ ಬೊಬ್ಬೆ ನೋಡುವುದಿಲ್ಲ. ಪರಿಸರ ಅನುಮತಿಗೆ ಅರ್ಜಿ ಹಾಕಿದ್ದರೆ ಊರಿನವರು ಸಾರ್ವಜನಿಕ ವಿಚಾರಣೆಯಲ್ಲಾದರೂ ಎದ್ದು ನಿಂತು ಎರಡು ಮಾತಾಡುತ್ತಿದ್ದರು. ಸೋಲಾರ್ ಪಾರ್ಕುಗಳಿಗೆ 2006ರ ಅಧಿಸೂಚನೆಯ ಆ ಕಟ್ಟಳೆಯೂ ಇಲ್ಲ. ಬಿಸಿಲು ಶುದ್ಧ, ಆದ್ದರಿಂದ ಬಿಸಿಲಿನ ಹೆಸರಲ್ಲಿ ಮಾಡಿದ್ದೆಲ್ಲ ಶುದ್ಧ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಸೂರ್ಯದೇವರೇನೋ ವರ ಕೊಟ್ಟ. ಪೂಜಾರಿ ಮೀಟಿಂಗಿನಲ್ಲಿದ್ದಾನೆ.

ಪಾರ್ಕಿನಲ್ಲಿ ಕೆಲಸ ಕೊಟ್ಟಿದ್ದೇವಲ್ಲ ಅನ್ನುತ್ತೀರಿ. ಪ್ಯಾನೆಲ್ ತೊಳೆಯುವುದು, ಹುಲ್ಲು ಕೀಳುವುದು, ಗೇಟು ಕಾಯುವುದು. ಅದೂ ಕಂಟ್ರಾಕ್ಟರ್ ಕರೆದರೆ, ಕರೆದಷ್ಟು ದಿನ. ಕುರಿ ಮೇಯುತ್ತಿದ್ದ ಬಯಲಿಗೆ ಬೇಲಿ ಬಿದ್ದಿದೆ, ಕುರಿ ಮಾರಿದ್ದಾಗಿದೆ. ಹಿಂದೆ ಕೂಲಿಗೆ ಹೋಗುತ್ತಿದ್ದ ಅಜ್ಜಿಯೊಬ್ಬರು ನನ್ನ ನೋಟ್‌ಬುಕ್ ನೋಡಿ, "ಬರ್ಕೊ ತಾಯಿ, ಬರ್ಕೊ. ಬರ್ಕೊಂಡೋದವ್ರು ಯಾರೂ ತಿರುಗಿ ಬಂದಿಲ್ಲ" ಅಂದರು. ನಮ್ಮ ಸೆಮಿನಾರುಗಳಲ್ಲಿ ಇದಕ್ಕೆಲ್ಲ 'ನ್ಯಾಯಯುತ ಪರಿವರ್ತನೆ' ಎಂಬ ಸ್ಲೈಡ್ ಇದೆ. ಅಜ್ಜಿಗೆ ಸ್ಲೈಡ್ ತೋರಿಸಲೇ?

ನಾವು ಸೋಲಾರ್ ವಿರೋಧಿಗಳು ಎಂದು ಮಾತ್ರ ಹೇಳಬೇಡಿ, ಆ ಮಾತು ಕೇಳಿ ಸಾಕಾಗಿದೆ. ಕಲ್ಲಿದ್ದಲು ನಿಲ್ಲಲೇಬೇಕು, ಬಿಸಿಲಿನಿಂದ ಕರೆಂಟು ಬರಲೇಬೇಕು. ಕೂಲಿಯವರ ಲೆಕ್ಕ ಇಡಿ ಎಂದು ಕೇಳಿದರೆ ಅದು ಅಭಿವೃದ್ಧಿಗೆ ಅಡ್ಡಗಾಲು ಹೇಗಾಗುತ್ತದೆ? ಸರ್ಕಾರಕ್ಕೆ ಲೆಕ್ಕ ಇಡಲು ಬರುವುದಿಲ್ಲ ಎಂದು ಯಾರು ನಂಬುತ್ತಾರೆ! 2021ರ ಫೆಬ್ರುವರಿಯಲ್ಲಿ ರೈತ ಚಳವಳಿಯ ಟೂಲ್‌ಕಿಟ್ ಒಂದರ ನೆಪದಲ್ಲಿ ನಮ್ಮ ಬೆಂಗಳೂರಿನ ಹವಾಮಾನ ಕಾರ್ಯಕರ್ತೆ ದಿಶಾ ರವಿಯನ್ನು ದೇಶದ್ರೋಹದ ಆರೋಪ ಹೊರಿಸಿ ದೆಹಲಿ ಪೊಲೀಸರು ಬಂದು ಹಿಡಿದುಕೊಂಡು ಹೋದರು. 22 ವರ್ಷದ ಹುಡುಗಿ ಯಾವ ಕಡತದಲ್ಲಿ ಏನು ತಿದ್ದಿದಳು ಎಂಬುದೂ ಅವರಿಗೆ ಗೊತ್ತಿತ್ತು. ಆಗ ಯಾರೂ ಮೀಟಿಂಗಿನಲ್ಲಿರಲಿಲ್ಲ. ಐದು ಊರಿನ ಕೂಲಿಯವರನ್ನು ಎಣಿಸಲು ಮಾತ್ರ ಇಷ್ಟು ವರ್ಷವಾದರೂ ಯಾರಿಗೂ ಬಿಡುವಾಗಿಲ್ಲ. ಇದು ಮರೆವಲ್ಲ ಸಾಹೇಬರೇ. ಎಣಿಸಿದರೆ ಕೊಡಬೇಕಾಗುತ್ತದೆ, ಅದಕ್ಕೇ ಎಣಿಸಿಲ್ಲ. ಪಹಣಿ ಇದ್ದವನಿಗಷ್ಟೇ ಸೂರ್ಯ, ಉಳಿದವರಿಗೆ ಬರೀ ಬಿಸಿಲು.

ಪಾರ್ಕನ್ನು ಇನ್ನಷ್ಟು ವಿಸ್ತರಿಸುವ ಮಾತು ನಡೆದಿದೆ. ಹೊಸ ಎಕರೆಯ ಗುತ್ತಿಗೆಗೆ ಸಹಿ ಬೀಳುವ ಮೊದಲು ಗ್ರಾಮಸಭೆ ಕರೆಯಿರಿ. ಅಲ್ಲಿ ಕೂಲಿ ಮಾಡುವವರ, ಕುರಿ ಮೇಯಿಸುವವರ ಹೆಸರು ಬರೆಸಿ, ಪಂಚಾಯಿತಿ ಗೋಡೆಗೆ ಅಂಟಿಸಿ. 2013ರ ಕಾಯ್ದೆ ಕೂಲಿಕಾರರಿಗೆ ಕೊಡುವ ಹಕ್ಕನ್ನು ಗುತ್ತಿಗೆ ಜಮೀನಿಗೂ ಅನ್ವಯಿಸಿ. ಹಳೆಯ ಐದು ಊರುಗಳಿಂದಲೇ ಶುರುಮಾಡಿ. ಇದಕ್ಕೆ ಹೊಸ ತಂತ್ರಜ್ಞಾನ ಬೇಡ, ವಿದೇಶಿ ಸಾಲ ಬೇಡ. ಒಂದು ರಿಜಿಸ್ಟರು, ಒಂದು ಪೆನ್ನು, ಬಿಡುವಿರುವ ಒಬ್ಬ ಅಧಿಕಾರಿ ಸಾಕು.

ಇತಿ,
ನಿಮ್ಮ ಬೆಂಚಿನ ಸಂಶೋಧಕಿ