ಎತ್ತಿಲ್ಲದ ಕೊರಡು

ಹೆಗಲಿಗೆ ಕಂಬಳಿ ಹಾಕಿಕೊಂಡು ಆಡೂರಿನಿಂದ ಹಾನಗಲ್ಲಿನ ಬಸ್ಸು ಹತ್ತಿದವನನ್ನು ಯಾರೂ ತಿರುಗಿ ನೋಡುವುದಿಲ್ಲ. ಅದೇ ಕಂಬಳಿಯು ಹುಬ್ಬಳ್ಳಿಯಲ್ಲಿ ದಿಲ್ಲಿಯ ರೈಲು ಹತ್ತಿ, ಅಲ್ಲಿಂದ ರಾತ್ರಿಯ ಬಸ್ಸಿನಲ್ಲಿ ತೂಕಡಿಸುತ್ತ ಮನಾಲಿಯನ್ನು ಸೇರಿ, ಸೋಲಂಗ್ ಕಣಿವೆಯ ಹಿಮದ ಮೇಲೆ ಇಳಿದೊಡನೆ ಎಂಟು ಜನ ಅಪರಿಚಿತರು ಅದರೊಂದಿಗೆ, ಅರ್ಥಾತ್ ಅದರೊಳಗಿದ್ದ ನನ್ನೊಂದಿಗೆ, ಫೋಟೋ ತೆಗೆಸಿಕೊಂಡರು. ಅವರು ನನ್ನನ್ನು ಆ ಗುಡ್ಡದ ಕುರಿಗಾರನೆಂದು ಭಾವಿಸಿದ್ದರೆಂಬುದು ಆಮೇಲೆ ತಿಳಿಯಿತು. “ತಲಿಗೆ ಇಪ್ಪತ್ತ ರೂಪಾಯಿ ಇಸಗೊಂಡಿದ್ರ ಚಾದ ಖರ್ಚು ಹೊಂಡತಿತ್ತಲ್ರೀ” ಎಂದಳು ಮನೆಯಾಕೆ. ಮಿತವ್ಯಯದಲ್ಲಿ ಆಕೆ ನನ್ನ ಶಿಷ್ಯೆ.

ಮಕ್ಕಳಿಗೆ ಹಿಮ ತೋರಿಸಬೇಕೆಂಬುದು ಅವಳ ಹಟ; ಮಾವಿನ ಫಸಲಿನ ಹಣವು ಆ ಹಿಮದೊಂದಿಗೆ ಕರಗಕೂಡದೆಂಬುದು ನನ್ನ ಸಂಕಲ್ಪ. ಆದುದರಿಂದ ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿಗಳ ಗಂಟೂ ನಮ್ಮೊಡನೆ ಪ್ರಯಾಣ ಬೆಳೆಸಿತ್ತು. ಮನಾಲಿಯಿಂದ ಸೋಲಂಗಿಗೆ ಸುಮಾರು 13 ಕಿಲೋಮೀಟರ್. ದಾರಿಯುದ್ದಕ್ಕೂ ಕೋಟು, ಬೂಟುಗಳನ್ನು ಬಾಡಿಗೆಗೆ ಕೊಡುವ ನಂಬರು ಬರೆದ ಅಂಗಡಿಗಳ ಸಾಲು. ಅಷ್ಟರಲ್ಲಿ ಒಂದೇ ಒಂದರ ಮುಂದೆ ಮಾತ್ರ ನಮ್ಮ ಡ್ರೈವರನ ಗಾಡಿ ತಾನಾಗಿಯೇ ನಿಂತ ಪವಾಡವನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಹೆಂಡತಿ ಮಕ್ಕಳಿಗೆ ಕೋಟು ಕೊಡಿಸಿ, ನಾನು ಕಂಬಳಿಯನ್ನು ಕೊಪ್ಪೆ ಮಾಡಿ ಹೊದ್ದು 300 ರೂಪಾಯಿ ಉಳಿಸಿದೆನು.

ಸ್ಕೀ ಹಲಗೆಗೂ ಬೂಟಿಗೂ 500, ಕಲಿಸಿಕೊಡಲು ಮತ್ತೆ 500 ಎಂದನು ಅಲ್ಲಿಯ ಹುಡುಗ. ಸ್ಕೀ ಎಂಬ ನಾರ್ವೆಯ ಶಬ್ದಕ್ಕೆ ಮೂಲದಲ್ಲಿ ಸೀಳಿದ ಕಟ್ಟಿಗೆಯ ತುಂಡೆಂದೇ ಅರ್ಥ; ಬಾಲ್ಯದಲ್ಲಿ ನಮ್ಮ ಭತ್ತದ ಗದ್ದೆಯ ಕೆಸರಿನಲ್ಲಿ, ಎತ್ತುಗಳ ಬಾಲ ಹಿಡಿದು, ಕೊರಡಿನ ಮೇಲೆ ಎದೆಯುಬ್ಬಿಸಿ ನಿಂತು ಬದುವಿನಿಂದ ಬದುವಿಗೆ ದಿಗ್ವಿಜಯ ಮಾಡಿದ ನನಗೆ ಕಟ್ಟಿಗೆಯ ಮೇಲೆ ನಿಲ್ಲುವುದನ್ನು ಕಲಿಸಲು ಗುರುವೇತಕ್ಕೆ? ಎರಡನೆಯ 500ನ್ನು ನಾನು ನಿರಾಕರಿಸಿದೆನು.

ಕೊರಡಿಗೂ ಸ್ಕೀಗೂ ಇರುವ ಸೂಕ್ಷ್ಮ ವ್ಯತ್ಯಾಸವು ನನಗೆ ಹೊಳೆದದ್ದು ಇಳಿಜಾರಿನಲ್ಲಿ ಹತ್ತು ಮಾರು ಸಾಗಿದ ಬಳಿಕ. ಕೊರಡು ಒಂದು, ಇವು ಎರಡು. ಆ ಎರಡಕ್ಕೂ ಪರಸ್ಪರ ದಾಯಾದಿ ಮತ್ಸರ. ಕೊರಡನ್ನು ಕೆಸರು ಹಿಡಿಯುತ್ತದೆ, ಹಿಮವು ಯಾರನ್ನೂ ಹಿಡಿಯುವುದಿಲ್ಲ. ಎಲ್ಲಕ್ಕೂ ಮಿಗಿಲಾಗಿ, ಕೊರಡಿನ ಮುಂದೆ ಎರಡು ವಿವೇಕಶಾಲಿ ಎತ್ತುಗಳಿರುತ್ತವೆ. ಬದು ಬಂದರೆ ಅವು ತಾವೇ ನಿಲ್ಲುತ್ತವೆ. ಇಲ್ಲಿ ಎತ್ತೂ ನಾನೇ, ಕೊರಡೂ ನಾನೇ. ಆದರೂ ಅಭ್ಯಾಸಬಲದಿಂದ ನಾನು “ಹೋ, ಹೋ” ಎಂದು ಉಚ್ಚಸ್ವರದಲ್ಲಿ ಇಲ್ಲದ ಎತ್ತುಗಳನ್ನು ನಿಲ್ಲಿಸತೊಡಗಿದೆನು. ಗಾಳಿ ಹೊಕ್ಕ ಕಂಬಳಿಯು ಹಿಂದೆ ಗರುಡಪಕ್ಷದಂತೆ ಬಿಚ್ಚಿಕೊಂಡಿತು. ನನ್ನ ಘೋಷವನ್ನು ಕೇಳಿದವರು ಇದೊಂದು ಆನಂದಾತಿರೇಕವೆಂದು ಬಗೆದು ಚಪ್ಪಾಳೆ ತಟ್ಟಿದರು. ಮೇಲಿನಿಂದ ಆ ಹುಡುಗನು “ಸ್ನೋ ಪ್ಲೋ! ಸ್ನೋ ಪ್ಲೋ!” ಎಂದು ಕೂಗುತ್ತಲಿದ್ದನು. ಹಲಗೆಗಳ ಮೂತಿ ಕೂಡಿಸಿ ಹಿಮ್ಮಡಿ ಅಗಲಿಸಿದರೆ ವೇಗ ತಗ್ಗುವುದೆಂದೂ, ಆ ಭಂಗಿಯ ಹೆಸರಿನಲ್ಲಿರುವುದು ನೇಗಿಲೆಂದೂ ನಾನು ಅರಿತದ್ದು ಮ್ಯಾಗಿ ಕುದಿಯುತ್ತಿದ್ದ ಅಂಗಡಿಯೊಂದರ ಮುಂದಿನ ಹಿಮದ ರಾಶಿಯಲ್ಲಿ ಕುತ್ತಿಗೆಯವರೆಗೆ ನಾಟಿಯಾದ ಮೇಲೆ. ಒಕ್ಕಲಿಗನ ಮಗನನ್ನು ನೇಗಿಲೇ ಕೈಬಿಟ್ಟಿತು.

ಹುಡುಗ ಓಡಿಬಂದು ಎತ್ತಿದನು. ಅವನ ಕೈಗವಸು ಹರಿದು ಎರಡು ಬೆರಳು ಹೊರಗಿದ್ದುವು. ಬೂಟು ಬಿಚ್ಚುತ್ತ, ಈ ವರ್ಷ ಹಿಮ ತಡವಾಗಿ ಬಿದ್ದಿತೆಂದೂ, ದುಡಿಮೆಯ ದಿನಗಳು ಎಣಿಕೆಗೆ ಸಿಗುವಷ್ಟೆಂದೂ ಹಿಂದಿಯಲ್ಲಿ ಸುಮ್ಮನೆ ಹೇಳಿದನು. ದೂರುವ ದನಿಯಲ್ಲಲ್ಲ, ನಮ್ಮವರು ಮಳೆಯ ಮಾತಾಡುವ ದನಿಯಲ್ಲಿ. ಮಳೆ ಕೈಕೊಟ್ಟ ವರ್ಷ ಸಂತೆಯಲ್ಲಿ ನಮ್ಮ ಮಾಲಿಗೆ ಚೌಕಾಶಿ ಮಾಡಿದವರ ಮುಖಗಳು ನನಗೆ ನೆನಪಿವೆ. ಅವನು ಕಂಬಳಿಯ ಅಂಚನ್ನು ಬೆರಳಲ್ಲಿ ಉಜ್ಜಿ, ತನ್ನ ಅಜ್ಜಿಯೂ ಪಟ್ಟು ಎಂಬ ಉಣ್ಣೆಯ ಹೊದಿಕೆ ನೇಯುತ್ತಿದ್ದಳೆಂದನು. ನಾನು ಕಂಬಳಿಯನ್ನು ಅವನ ಹೆಗಲಿಗೆ ಹೊದಿಸಿ ಬಂದುಬಿಟ್ಟೆನು.

ಔದಾರ್ಯದ ಕಾವು ಮನಾಲಿಯ ಪೇಟೆಯವರೆಗೂ ಬಾಳಲಿಲ್ಲ. ಹಲ್ಲು ಕಟಕಟಿಸುತ್ತ 1,800 ರೂಪಾಯಿಗೆ ಕೋಟು ಕೊಂಡೆನು. ಮನೆಯಾಕೆ ಬಾಯಿಬಿಡದೆ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡಳು. ಆ ಕೋಟು ಈಗ ನಮ್ಮ ಪಡಸಾಲೆಯ ಗೂಟಕ್ಕೆ ನೇತಾಡುತ್ತಿದೆ. ಮೊನ್ನೆ ಪಕ್ಕದ ಹೊಲದ ಕಾಕಾ ಬಂದು, “ತಮ್ಮಾ, ಬೆದರುಗೊಂಬಿಗೆ ಹಾಕತೇನಿ, ಕೊಡ್ತೀಯೇನು?” ಎಂದು ಕೇಳಿದರು.

“ಕೊಡ್ತೇನ್ರಿ ಕಾಕಾ,” ಎಂದೆನು, “ದಿನಕ್ಕ ಬಾಡಗಿ ಎಷ್ಟ ಕೊಡ್ತೀರಿ?”